ಹಳ್ಳಿಯ ಮಾತನ್ನು ಯಂತ್ರ ಕೇಳಬಲ್ಲದೇ?

ಚರ್ಚೆಯ ಪ್ರಶ್ನೆ: ಸಮಾಜಶಾಸ್ತ್ರದ ಸಂಶೋಧನೆಯಲ್ಲಿ ಕೃತಕ ಬುದ್ಧಿಮತ್ತೆಯ (ಎಐ) ಬಳಕೆಯನ್ನು ನಮ್ಮ ಭಾಗದ ವಿಶ್ವವಿದ್ಯಾಲಯಗಳು ಉತ್ತೇಜಿಸಬೇಕೇ?

ಪರ

ಮಾತು ದುಬಾರಿಯಾಗಿದ್ದ ಕಾಲ ಮುಗಿಯಲಿ
(ಅತಿಥಿ ಉಪನ್ಯಾಸಕ, ರಾಯಚೂರು)

ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳ ಮೇಲೆ ವರದಿಗಳಿಗೇನೂ ಬರಗಾಲವಿಲ್ಲ. ಡಿ.ಎಂ. ನಂಜುಂಡಪ್ಪ ಸಮಿತಿ 35 ಸೂಚಕಗಳನ್ನು ಹಿಡಿದು ರಾಜ್ಯದ ತಾಲ್ಲೂಕುಗಳನ್ನು ಅಳೆದು 2002ರಲ್ಲಿ ವರದಿ ಕೊಟ್ಟಿತು. ಅತ್ಯಂತ ಹಿಂದುಳಿದವೆಂದು ಅದು ಗುರುತಿಸಿದ 39 ತಾಲ್ಲೂಕುಗಳಲ್ಲಿ 21 ಆಗಿನ ಗುಲ್ಬರ್ಗಾ ವಿಭಾಗದವು. ಈ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371(ಜೆ) ವಿಧಿ 2013ರಲ್ಲಿ ಜಾರಿಗೆ ಬಂತು. 2018ರಲ್ಲಿ ರಾಯಚೂರು, ಹಿಂದುಳಿದ ಜಿಲ್ಲೆಗಳಿಗೆಂದು ಕೇಂದ್ರ ಸರ್ಕಾರ ಮಾಡಿದ ‘ಮಹತ್ವಾಕಾಂಕ್ಷೆಯ ಜಿಲ್ಲೆ’ಗಳ ಪಟ್ಟಿ ಸೇರಿತು. ಈ ಕಾಗದಗಳಲ್ಲಿ ದೇವದುರ್ಗದ ಸಾಕ್ಷರತೆ ಎಷ್ಟೆಂಬುದು ಸಿಗುತ್ತದೆ. ದೇವದುರ್ಗದಿಂದ ಬೆಂಗಳೂರಿಗೆ ಗುಳೆ ಹೋದ ಹೆಂಗಸು ತನ್ನ ಬದುಕಿನ ಬಗ್ಗೆ ಏನೆಂದಳು ಎಂಬುದಕ್ಕೆ ಮಾತ್ರ ಎಲ್ಲಿಯೂ ಜಾಗವಿಲ್ಲ.

ಯಾಕೆಂದರೆ ಮಾತು ದುಬಾರಿ. ಒಂದು ಗಂಟೆಯ ಸಂದರ್ಶನವನ್ನು ಕೇಳಿ ಕೇಳಿ ಬರೆದಿಳಿಸಲು ಅರ್ಧ ದಿನವೇ ಬೇಕು. ಅದನ್ನು ಬೆರಳಚ್ಚು ಮಾಡಿಸಬೇಕು, ಇಂಗ್ಲಿಷಿನಲ್ಲಿ ಪ್ರಬಂಧ ಬರೆಯುವವರು ಅನುವಾದವನ್ನೂ ಮಾಡಬೇಕು, ಆಮೇಲೆ ಸಾಲು ಸಾಲಿಗೂ ಗುರುತು ಹಾಕಿ ವಿಷಯವಾರು ವಿಂಗಡಿಸಬೇಕು. ಶಿಷ್ಯವೇತನ ಸಕಾಲಕ್ಕೆ ಬಾರದ ಸಂಶೋಧನಾರ್ಥಿ ಇಷ್ಟನ್ನು ಮಾಡಲಾರ. ಹಾಗಾಗಿ ಅವನು ಹೌದು-ಇಲ್ಲ ಎಂದು ಗುರುತು ಹಾಕುವ ಪ್ರಶ್ನಾವಳಿಗೆ ಶರಣಾಗುತ್ತಾನೆ. ಶೇಕಡಾವಾರು ಕೋಷ್ಟಕಗಳ ಮಹಾಪ್ರಬಂಧವೊಂದು ಗ್ರಂಥಾಲಯ ಸೇರುತ್ತದೆ. ದೆಹಲಿಯ, ಬೆಂಗಳೂರಿನ ಸಂಸ್ಥೆಗಳಿಗೆ ಸಹಾಯಕರಿದ್ದಾರೆ, ಅನುದಾನವಿದೆ, ಅವರಿಗೆ ಈ ಕಷ್ಟವಿಲ್ಲ. ನಮ್ಮ ಜನರ ಮಾತು ಅವರ ಪುಸ್ತಕಗಳಲ್ಲಿ ಸಿಗುತ್ತದೆ, ನಮ್ಮ ಪ್ರಬಂಧಗಳಲ್ಲಿ ಸಿಗುವುದಿಲ್ಲ.

ಎಐ ಮುರಿಯುತ್ತಿರುವುದು ಈ ಅಸಮಾನತೆಯನ್ನು. ಭಾರತೀಯ ಭಾಷೆಗಳ ನಡುವಿನ ಅನುವಾದಕ್ಕೆಂದು ಕೇಂದ್ರ ಸರ್ಕಾರ ರೂಪಿಸಿದ ಭಾಷಿಣಿ ಯೋಜನೆ 2022ರಲ್ಲಿ ಶುರುವಾಯಿತು. ಮದ್ರಾಸ್ ಐಐಟಿಯ ಎಐ4ಭಾರತ್ ತಂಡ ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳ ಮಾತನ್ನು ಬರಹಕ್ಕಿಳಿಸುವ ಮಾದರಿಗಳನ್ನು ಕಟ್ಟಿ ಎಲ್ಲರಿಗೂ ತೆರೆದಿಟ್ಟಿದೆ. ಬರಹವನ್ನು ವಿಷಯವಾರು ವಿಂಗಡಿಸುವ ಕೆಲಸದಲ್ಲಿ ಕೂಲಿಗೆ ಗೊತ್ತುಮಾಡಿದ ಆನ್‌ಲೈನ್ ಕೆಲಸಗಾರರಿಗಿಂತ ಚಾಟ್‌ಜಿಪಿಟಿ ಹೆಚ್ಚು ನಿಖರವಾಗಿತ್ತು ಎಂದು 2023ರಲ್ಲಿ ಜ್ಯೂರಿಕ್‌ನ ಸಂಶೋಧಕರು ತೋರಿಸಿದರು. ಅವರು ಪರೀಕ್ಷಿಸಿದ್ದು ಇಂಗ್ಲಿಷ್ ಬರಹವನ್ನು, ನಿಜ. ಕನ್ನಡದಲ್ಲಿ ಆ ಪರೀಕ್ಷೆಯನ್ನು ನಾವೇ ಮಾಡಬೇಕು. ಕನ್ನಡದ ಸಂಶೋಧಕರಿಗೆ ಅದಕ್ಕಿಂತ ಒಳ್ಳೆಯ ಕೆಲಸ ಯಾವುದಿದೆ?

ನನ್ನ ಕೆಲಸದಿಂದಲೇ ಒಂದು ಸಂಗತಿ ಹೇಳುತ್ತೇನೆ. ನನ್ನ ವಿಷಯ ಗುಳೆ. ವರ್ಷವೆಲ್ಲ ಊರು ಬಿಟ್ಟಿರುವವರು ಮೊಹರಂಗೆ ತಪ್ಪದೆ ಬರುತ್ತಾರೆ. ಮೊಹರಂನ ಬೆಂಕಿಗುಂಡಿಯಾದ ಅಲಾಯಿ ಕುಣಿಯ ಸುತ್ತಲಿನ ಗದ್ದಲ ತಗ್ಗಿದ ಮೇಲೆ ಅವರವರ ಮನೆಯ ಕಟ್ಟೆಗಳಲ್ಲಿ ಕುಳಿತು ಮಾತನಾಡಿಸಿದೆ. ಯಂತ್ರ ಬರೆದುಕೊಟ್ಟ ಪ್ರತಿಗಳಲ್ಲಿ ತಪ್ಪುಗಳಿದ್ದವು. ಧ್ವನಿ ಕೇಳುತ್ತ ತಿದ್ದಿದೆ. ಆಮೇಲೆ, ಹೆಂಗಸರು ಪದೇ ಪದೇ ಎತ್ತಿದ ವಿಷಯಗಳನ್ನು ಬೇರೆಯಾಗಿ ತೆಗೆದಿಡಲು ಹೇಳಿದೆ. ಕೂಲಿ, ಮೇಸ್ತ್ರಿ ಕೊಟ್ಟ ಮುಂಗಡ, ಶೆಡ್ಡಿನ ನೀರು ಇವೆಲ್ಲ ನಿರೀಕ್ಷಿಸಿದ್ದವೇ. ಅವುಗಳ ಜೊತೆಗೆ ಅತ್ತೆಯ ಹೆಬ್ಬೆಟ್ಟು ಬಂದಿತ್ತು. ಮನೆಯಲ್ಲಿ ಉಳಿಯುವುದು ಮುದುಕಿಯೊಬ್ಬಳೇ. ಅವಳ ಸವೆದ ಬೆರಳನ್ನು ರೇಷನ್ ಅಂಗಡಿಯ ಯಂತ್ರ ಒಮ್ಮೆ ಹಿಡಿಯುತ್ತದೆ, ಒಮ್ಮೆ ಹಿಡಿಯುವುದಿಲ್ಲ. ಹಿಡಿಯದ ತಿಂಗಳು ಸೊಸೆ ಬೆಂಗಳೂರಿನಿಂದ ಬಸ್ ಹತ್ತಿ ಬರುತ್ತಾಳೆ, ಅಷ್ಟು ದಿನದ ಕೂಲಿ ಹೋಗುತ್ತದೆ. ನನ್ನ ಪ್ರಶ್ನಾವಳಿಯಲ್ಲಿ ಆ ಪ್ರಶ್ನೆಯೇ ಇರಲಿಲ್ಲ. ಯಾವ ಸರ್ಕಾರಿ ನಮೂನೆಯಲ್ಲಿಯೂ ನಾನು ಅದನ್ನು ಕಂಡಿಲ್ಲ. ಒಬ್ಬೊಬ್ಬರು ಒಂದೊಂದು ಮೂಲೆಯಲ್ಲಿ ಹೇಳಿಹೋದ ಮಾತುಗಳು ಒಟ್ಟಿಗೆ ಬಂದಾಗ ಒಂದು ಇಡೀ ಅಧ್ಯಾಯವಾಯಿತು. ಇದಕ್ಕಿಂತ ದೊಡ್ಡ ಸಮಾಜಶಾಸ್ತ್ರ ನನಗೆ ಗೊತ್ತಿಲ್ಲ.

ಯಂತ್ರ ಬಂದರೆ ಮನುಷ್ಯ ಸಂಬಂಧ ಹೋಗುತ್ತದೆ ಎನ್ನುವ ಹಿರಿಯರಿಗೆ ನನ್ನದೊಂದು ಪ್ರಶ್ನೆ: ಆ ಸಂಬಂಧ ಇದ್ದದ್ದು ಯಾವಾಗ? ಬಿ.ಎ. ಹುಡುಗರ ಕೈಗೆ ಪ್ರಶ್ನಾವಳಿಯ ಕಟ್ಟು ಕೊಟ್ಟು ಕಳಿಸಿ, ಅವರು ಬೇವಿನ ಮರದ ನೆರಳಲ್ಲಿ ಕುಳಿತು ತಾವೇ ತುಂಬಿ ತಂದ ಹಾಳೆಗಳ ಮೇಲೆ ಎಷ್ಟು ಪ್ರಬಂಧಗಳು ನಿಂತಿವೆ ಎಂಬುದು ಈ ಕ್ಷೇತ್ರದಲ್ಲಿರುವ ಎಲ್ಲರಿಗೂ ಗೊತ್ತು. ಯಂತ್ರವನ್ನೇ ಜನರೆಂದು ಭಾವಿಸಿ ಉತ್ತರ ಪಡೆಯುವ ಪ್ರಯೋಗಗಳನ್ನು ಮುಂದೆ ತಂದು ಹೆದರಿಸುವವರೂ ಇದ್ದಾರೆ. 2023ರಲ್ಲಿ ಪ್ರಕಟವಾದ ಅಂಥದೊಂದು ಪ್ರಯೋಗದಲ್ಲಿ ಜಿಪಿಟಿ-3 ಎಂಬ ಎಐ ಮಾದರಿಗೆ ಅಮೆರಿಕದ ಸಮೀಕ್ಷೆಗಳಲ್ಲಿ ಭಾಗವಹಿಸಿದವರ ವಯಸ್ಸು, ಲಿಂಗ, ಪಕ್ಷ ಮುಂತಾದ ವಿವರಗಳನ್ನು ಕೊಟ್ಟು ಅವರಂತೆ ಉತ್ತರಿಸಲು ಹಚ್ಚಿದ್ದರು. ಅದು ಅಲ್ಲಿನ ಮಾತು. ಲಿಂಗಸುಗೂರಿನ ಸಂಶೋಧನಾರ್ಥಿಗೆ ಜನ ಎದುರಿಗೇ ಇದ್ದಾರೆ. ಗೋಪ್ಯತೆಯ ಪ್ರಶ್ನೆಗೂ ಉತ್ತರವಿದೆ: ಒಪ್ಪಿಗೆ ಪಡೆಯಿರಿ, ಹೆಸರು ತೆಗೆಯಿರಿ.

ಇಂಗ್ಲಿಷಿನ ಗೋಡೆಯ ಬಗ್ಗೆ ಹೇಳದಿದ್ದರೆ ನನ್ನ ವಿದ್ಯಾರ್ಥಿಗಳಿಗೆ ಅನ್ಯಾಯವಾಗುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಮಾನವಿಯ ಹುಡುಗಿಯೊಬ್ಬಳು ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೆಬರನನ್ನು ಗೈಡ್ ಪುಸ್ತಕದ ನಾಲ್ಕು ಸಾಲುಗಳಲ್ಲಿ ಮಾತ್ರ ಬಲ್ಲವಳಾಗಿದ್ದಳು. ಈಗ ಎಐಯಿಂದ ಮೂಲ ಲೇಖನದ ಒಂದೊಂದೇ ಪ್ಯಾರಾವನ್ನು ಕನ್ನಡ ಮಾಡಿಸಿಕೊಂಡು ಓದುತ್ತಾಳೆ, ತಿಳಿಯದ ಕಡೆ ಮತ್ತೆ ಮತ್ತೆ ಕೇಳುತ್ತಾಳೆ, ತರಗತಿಯಲ್ಲಿ ಎದ್ದು ನಿಂತು ನನ್ನೊಂದಿಗೆ ವಾದಿಸುತ್ತಾಳೆ. ಅವಳಿಗೆ ಇದನ್ನು ಬೇಡವೆನ್ನುವ ಹಕ್ಕು ಯಾರಿಗೂ ಇಲ್ಲ.

ಸರ್ಕಾರವಂತೂ ನಮ್ಮನ್ನು ಕಾಯುತ್ತ ಕುಳಿತಿಲ್ಲ. 2025ರ ಸೆಪ್ಟೆಂಬರ್ 22ರಿಂದ ಶುರುವಾದ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆಯಲ್ಲಿ ಶಿಕ್ಷಕರು 60 ಪ್ರಶ್ನೆಗಳನ್ನು ಮೊಬೈಲ್ ಆ್ಯಪ್‌ನಲ್ಲೇ ತುಂಬಿದರು. 2027ರ ಜನಗಣತಿಯೂ ಡಿಜಿಟಲ್, ಜಾತಿ ಎಣಿಕೆಯೂ ಅದರಲ್ಲಿದೆ. ಆ ರಾಶಿಯನ್ನು ಜಾಲಾಡಿ ಪ್ರಶ್ನಿಸಬಲ್ಲವರು ಕಲ್ಯಾಣ ಕರ್ನಾಟಕದಲ್ಲಿಯೇ ತಯಾರಾಗಬೇಕು. ಬಳ್ಳಾರಿ, ರಾಯಚೂರು, ಕೊಪ್ಪಳದ ವಿಶ್ವವಿದ್ಯಾಲಯಗಳು ಸ್ನಾತಕೋತ್ತರ ಸಮಾಜಶಾಸ್ತ್ರದಲ್ಲಿ ಎಐ ಬಳಕೆಯನ್ನು ಕಡ್ಡಾಯ ಪತ್ರಿಕೆಯಾಗಿ, ಇದೇ ಶೈಕ್ಷಣಿಕ ವರ್ಷದಿಂದ ಕಲಿಸಲಿ.

ವಿರೋಧ

ಧ್ವನಿಮುದ್ರಿಕೆಯಲ್ಲಿ ಇಲ್ಲದ್ದು
(ನಿವೃತ್ತ ಸಮಾಜಶಾಸ್ತ್ರ ಉಪನ್ಯಾಸಕಿ, ಕೊಪ್ಪಳ)

ವಿರೋಧದ ಪಕ್ಷವನ್ನು ನನಗೆ ವಹಿಸಿದ್ದಾರೆ. ಪೂರಾ ವಿರೋಧ ನನ್ನಲ್ಲಿಲ್ಲ. ಕಣ್ಣು ಮಂಜಾದ ಮೇಲೆ ನಾನೂ ಮೊಬೈಲಿಗೆ ಹೇಳಿಯೇ ಬರೆಸುತ್ತೇನೆ. ಆದರೂ ಉತ್ತೇಜಿಸಬೇಕೇ ಎಂದು ಕೇಳಿದರೆ ಬೇಡ ಎನ್ನಲು ನನಗೆ ಸಾಕಷ್ಟು ಕಾರಣಗಳಿವೆ.

ಮೊದಲನೆಯದು ನಂಬಿಕೆಯದು. ಮಾತನ್ನು ಬರಹಕ್ಕಿಳಿಸುವ ವಿಸ್ಪರ್ ಎಂಬ ತಂತ್ರಾಂಶವನ್ನು ಅಮೆರಿಕದ ಸಂಶೋಧಕರು ಪರೀಕ್ಷಿಸಿ, ಸುಮಾರು ಶೇ 1ರಷ್ಟು ತುಣುಕುಗಳಲ್ಲಿ ಅದು ಯಾರೂ ಆಡದ ವಾಕ್ಯಗಳನ್ನು ಸೇರಿಸಿತ್ತೆಂದು 2024ರಲ್ಲಿ ವರದಿ ಮಾಡಿದರು. ಮಾತಿನ ನಡುವೆ ಮೌನ ಹೆಚ್ಚಿದ್ದಲ್ಲಿ ಈ ತಪ್ಪು ಹೆಚ್ಚು. ನಮ್ಮ ಹೆಂಗಸರ ಸಂದರ್ಶನದಲ್ಲಿ ಮೌನವೇ ಅರ್ಧ. ಎರಡನೆಯದು ಉತ್ತರದಾತರದು. ಮನುಷ್ಯರೇ ಉತ್ತರಿಸುತ್ತಿದ್ದಾರೆಯೇ ಎಂದು ತಿಳಿಯಲು ಆನ್‌ಲೈನ್ ಸಮೀಕ್ಷೆಗಳಲ್ಲಿ ಇಡುವ ಪರೀಕ್ಷೆಯ ಪ್ರಶ್ನೆಗಳನ್ನು ಎಐ ಬಹುತೇಕ ಎಲ್ಲವನ್ನೂ ದಾಟಿತೆಂದು 2025ರ ಅಧ್ಯಯನವೊಂದು ತೋರಿಸಿದೆ. ವಾಟ್ಸ್‌ಆ್ಯಪ್ ಗುಂಪಿಗೆ ಗೂಗಲ್ ಫಾರ್ಮ್ ಕಳಿಸಿ ಅದನ್ನೇ ಸಮೀಕ್ಷೆ ಎನ್ನುವ ವಿದ್ಯಾರ್ಥಿಗಳು ನಮ್ಮಲ್ಲೂ ಇದ್ದಾರೆ. ಅದು ಅಮೆರಿಕದ ಭಯ ಎಂದು ತಳ್ಳಿಹಾಕುವಂತಿಲ್ಲ. ಮೂರನೆಯದು, ಯಂತ್ರ ಕಲಿತದ್ದು ಬರೆಯಬಲ್ಲವರ ಬರಹದಿಂದ. 2011ರ ಜನಗಣತಿಯಲ್ಲಿ ರಾಯಚೂರು ಜಿಲ್ಲೆಯ ಮಹಿಳೆಯರಲ್ಲಿ ಸಾಕ್ಷರರು ಅರ್ಧಕ್ಕಿಂತ ಕಡಿಮೆ ಇದ್ದರು. ಉಳಿದವರ ಬಗ್ಗೆ ಅದಕ್ಕೆ ತಿಳಿದಿರುವುದೆಲ್ಲ ಬೇರೆಯವರು ಬರೆದದ್ದು.

ಇಂಗ್ಲಿಷಿನ ತೊಡಕಿಗೆ ಪರಿಹಾರ ಒಳ್ಳೆಯ ಕನ್ನಡ ಪಠ್ಯಗಳು. 1991ರಲ್ಲಿ ಹಂಪಿಯಲ್ಲಿ ಕನ್ನಡ ವಿಶ್ವವಿದ್ಯಾಲಯ ಕಟ್ಟಿದ್ದು ಅಂಥ ಕೆಲಸಕ್ಕೇ.

ಆದರೆ ಈ ಕಾರಣಗಳಿಗಿಂತ ನನ್ನನ್ನು ಹೆಚ್ಚು ಕಾಡುವುದು ಕುಷ್ಟಗಿ ತಾಲ್ಲೂಕಿನ ಒಂದು ಹತ್ತಿ ಬೀಜೋತ್ಪಾದನೆಯ ಹೊಲ. ಆ ಹೊಲಗಳಲ್ಲಿ ಕ್ರಾಸಿಂಗ್ ಕೆಲಸಕ್ಕೆ ಹುಡುಗಿಯರನ್ನೇ ಕರೆಯುತ್ತಿದ್ದರು. ಸಂಜೆ ಹೆಬ್ಬೆರಳ ಉಗುರಿನಿಂದ ಮೊಗ್ಗಿನ ಕೇಸರ ಬಿಡಿಸಬೇಕು. ಮರುದಿನ ಬೆಳಗ್ಗೆ ಗಂಡುಹೂವಿನ ಪರಾಗವನ್ನು ಒಂದೊಂದಕ್ಕೂ ಮುಟ್ಟಿಸಬೇಕು. ಗಿಡದ ಎತ್ತರವೂ ಮಕ್ಕಳ ಎತ್ತರವೂ ಸರಿಹೊಂದುತ್ತವೆ ಎಂದು ಮಾಲೀಕರು ನಮ್ಮೆದುರೇ ಹೇಳುತ್ತಿದ್ದರು. ನಾನು ತಾಯಿಯೊಬ್ಬಳನ್ನು ಮಾತನಾಡಿಸುತ್ತಿದ್ದೆ. ಟೇಪ್ ರೆಕಾರ್ಡರ್ ಓಡುತ್ತಿತ್ತು. ಹೊಲದ ಸಾಹುಕಾರ ಪಕ್ಕದಲ್ಲೇ ಮಂಚದ ಮೇಲೆ ಕುಳಿತಿದ್ದ. ಮಗಳು ಶಾಲೆಗೆ ಹೋಗುತ್ತಾಳೆ, ಇವತ್ತು ಜ್ವರ ಬಂದಿದ್ದರಿಂದ ಉಳಿದಿದ್ದಾಳೆ ಎಂದಳು ತಾಯಿ. ಹೇಳುತ್ತಲೇ ಮಗಳ ಬಲಗೈಯನ್ನು ತನ್ನ ಸೆರಗಿನ ಕೆಳಗೆ ಎಳೆದುಕೊಂಡಳು. ಆ ಒಂದು ಕ್ಷಣದಲ್ಲಿ ಹುಡುಗಿಯ ಬೆರಳ ತುದಿಗಳು ಕಂಡವು: ಪರಾಗ ಹತ್ತಿ ಹಳದಿಯಾಗಿದ್ದವು, ಹೆಬ್ಬೆರಳ ಉಗುರು ಒಂದು ಕಡೆ ಪೂರಾ ಸವೆದಿತ್ತು.

ಸಾಹುಕಾರನಿಗೆ ಫೋನ್ ಬಂದು ಎದ್ದು ಹೋದ. ತಾಯಿ ರೆಕಾರ್ಡರ್ ಕಡೆ ಕಣ್ಣು ತೋರಿಸಿದಳು, ನಾನು ಆರಿಸಿದೆ. ಗಂಡ ಪಡೆದ ಮುಂಗಡ, ಅದು ತೀರುವವರೆಗೆ ಹುಡುಗಿ ಬಿಡುವಂತಿಲ್ಲ ಎಂಬ ಕರಾರು, ಶಾಲೆಯ ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿರುವ ಅವಳ ಹೆಸರು, ಎಲ್ಲವನ್ನೂ ಅವನು ಮರಳುವಷ್ಟರಲ್ಲಿ ಹೇಳಿ ಮುಗಿಸಿದಳು. ಆ ಧ್ವನಿಮುದ್ರಿಕೆಯನ್ನು ಇವತ್ತು ಜಗತ್ತಿನ ಅತ್ಯುತ್ತಮ ಯಂತ್ರಕ್ಕೆ ಕೊಟ್ಟರೂ, ಅದು ಒಂದಕ್ಷರ ತಪ್ಪಿಲ್ಲದೆ ಬರೆದರೂ, ಸಿಗುವ ಮಾಹಿತಿ ಒಂದೇ: ಮಗು ಶಾಲೆಗೆ ಹೋಗುತ್ತಿದೆ. ಅಂಥ ನೂರು ತಾಯಂದಿರ ಮಾತನ್ನು ಒಟ್ಟುಗೂಡಿಸಿದರೆ ಬಾಲಕಾರ್ಮಿಕರೇ ಇಲ್ಲದ ಒಂದು ತಾಲ್ಲೂಕು ತಯಾರಾಗುತ್ತದೆ.

ಹೆಸರು ತೆಗೆದರೆ ಸಾಕೆಂಬ ಮಾತನ್ನೂ ಈ ಹೊಲದಲ್ಲಿ ನಿಂತು ಹೇಳಲಿ. ಇನ್ನೂರು ಮನೆಯ ಊರಿನಲ್ಲಿ ಧ್ವನಿಯೇ ಹೆಸರು. ದೇವದಾಸಿ ಪದ್ಧತಿಯಿಂದ ಹೊರಬಂದ ತಾಯಂದಿರಲ್ಲಿ ಎಷ್ಟೋ ಮಂದಿ ಮಕ್ಕಳ ಮದುವೆಗೆ ತೊಡಕಾದೀತೆಂದು ಸರ್ಕಾರದ ಪಟ್ಟಿಗೇ ಹೆಸರು ಕೊಡಲು ಹಿಂಜರಿದರು. ಅವರ ಮಾತು ಯಾವ ದೇಶದ ಯಾವ ಕಂಪ್ಯೂಟರಿಗೆ ಹೋಗುತ್ತದೆಂದು ಅವರಿಗೆ ತಿಳಿಸಿ ಹೇಳಲಾಗದ ಒಪ್ಪಿಗೆಯನ್ನು ನಾನು ಒಪ್ಪಿಗೆ ಎನ್ನಲಾರೆ.

ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಅವರು ಮೈಸೂರಿನ ಹಳ್ಳಿಯೊಂದರಲ್ಲಿ 1948ರಲ್ಲಿ ಮಾಡಿದ ಕ್ಷೇತ್ರಕಾರ್ಯದ ಸಂಸ್ಕರಿತ ಟಿಪ್ಪಣಿಗಳ ಮೂರೂ ಪ್ರತಿಗಳು 1970ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಬೆಂಕಿಗೆ ಬಿದ್ದವು. ನೆನಪಿನಿಂದ ಅವರು ಬರೆದ ಪುಸ್ತಕ 1976ರಲ್ಲಿ ಹೊರಬಂತು. ಆ ಹಳ್ಳಿಯಲ್ಲಿ ಅವರು ತಿಂಗಳುಗಟ್ಟಲೆ ಇದ್ದರು, ಹಾಗಾಗಿ ನೆನಪಿತ್ತು.

ವಿಶ್ವವಿದ್ಯಾಲಯಗಳು ಉತ್ತೇಜಿಸುವುದಾದರೆ ಹಳ್ಳಿಯಲ್ಲಿ ಉಳಿಯಲು ಭತ್ಯೆ ಕೊಡಲಿ. ಮೌಖಿಕ ಪರೀಕ್ಷೆಗೆ ಬರುವ ಅಭ್ಯರ್ಥಿ ಕ್ಷೇತ್ರಕಾರ್ಯದ ದಿನಚರಿಯನ್ನು ಕಡ್ಡಾಯವಾಗಿ ತರಬೇಕು. ಪ್ರತಿ ಸಂದರ್ಶನದ ಹೊತ್ತಿನಲ್ಲಿ ಅಲ್ಲಿ ಯಾರು ಯಾರು ಕುಳಿತಿದ್ದರು, ಯಾರು ಎದ್ದು ಹೋದರು, ಆಮೇಲೆ ಮಾತು ಹೇಗೆ ಬದಲಾಯಿತು ಎಂಬುದು ಅದರಲ್ಲಿರಬೇಕು. ಇಲ್ಲದಿದ್ದರೆ ಪರೀಕ್ಷಕರು ಪ್ರಬಂಧವನ್ನು ಹಿಂದಿರುಗಿಸಲಿ.