ಸ್ಪಷ್ಟನೆ: ಚರ್ಮದ ಸೈಕಲ್ ಸೀಟನ್ನು ಎಣ್ಣೆಯಲ್ಲಿ ನೆನೆಸಬೇಡಿ

‘ಹೊಸ ಚರ್ಮದ ಸೀಟನ್ನು ರಾತ್ರಿಯಿಡೀ ಕೊಬ್ಬರಿ ಎಣ್ಣೆಯಲ್ಲಿ ನೆನೆಸಿ, ಬೆಳಿಗ್ಗೆಗೆ ಮೆತ್ತಗಾಗುತ್ತದೆ’ ಎಂಬ ಮೆಸೇಜು ಮೈಸೂರಿನ ಸೈಕಲ್ ಗೆಳೆಯರಲ್ಲಿ ಓಡಾಡುತ್ತಿದೆ. ಅದು ತಪ್ಪು. ಇಂಥ ಸೀಟಿನೊಳಗೆ ಸ್ಪಂಜು ಇರುವುದಿಲ್ಲ. ದಪ್ಪ ಚರ್ಮವನ್ನು ಹಿಂದೆ ಮುಂದೆ ರಿವಿಟ್ ಹೊಡೆದು, ಜೋಲಿ ಥರ ಬಿಗಿದಿರುತ್ತಾರೆ. ಎಣ್ಣೆ ಜಾಸ್ತಿ ಕುಡಿದ ಚರ್ಮ ಹಿಗ್ಗಿ ನಡುವೆ ಜೋತುಬೀಳುತ್ತದೆ. ಆಮೇಲೆ ಸೀಟಿನ ಮುಂಭಾಗದಲ್ಲಿರುವ, ಚರ್ಮ ಬಿಗಿ ಮಾಡುವ ಬೋಲ್ಟ್ ಎಷ್ಟು ತಿರುಗಿಸಿದರೂ ಮೊದಲಿನಂತಾಗುವುದಿಲ್ಲ.

1866ರಿಂದ ಇರುವ, ಇಂಥ ಸೀಟು ಮಾಡುವ ಬ್ರೂಕ್ಸ್ ಕಂಪನಿಯವರೂ ಹೇಳುವುದು ಇದನ್ನೇ: ಬೇರೆ ಎಣ್ಣೆ ಬೇಡ, ಪ್ರೂಫೈಡ್ ಎಂಬ ಮೇಣದಂಥ ಮುಲಾಮನ್ನು ಬಟ್ಟೆಯಲ್ಲಿ ತೆಳ್ಳಗೆ ಸವರಿ. ಸೀಟು ಮೆತ್ತಗಾಗುವುದು ಸೈಕಲ್ ತುಳಿಯುತ್ತಾ ಆಗಬೇಕು. ಶ್ರೀರಂಗಪಟ್ಟಣಕ್ಕೆ ಎಷ್ಟೋ ಭಾನುವಾರ ಹೋಗಿಬಂದ ಮೇಲೆ ನನ್ನ ಸೀಟಿನಲ್ಲಿ ಎರಡು ಸಣ್ಣ ಗುಳಿ ಮೂಡಿದವು. ಈಗ ಎಷ್ಟು ಹಾಯಾಗಿದೆ ಗೊತ್ತಾ!

ದಯವಿಟ್ಟು ಆ ಮೆಸೇಜು ಮುಂದೆ ಕಳಿಸಬೇಡಿ. ಕಳಿಸಿಬಿಟ್ಟಿದ್ದರೆ ಇದನ್ನೂ ಅದೇ ಗುಂಪಿಗೆ ಹಾಕಿ.