ನಮ್ಮ ಒರಿಜಿನಲ್ ಕಾಲೇಜಿನ ಬೀರುವಿನಲ್ಲಿ ಯಾಕಿರಬೇಕು?

ಅಕ್ಕನ ಮಗಳಿಗೆ ಜರ್ಮನಿಯಲ್ಲಿ ಮಾಸ್ಟರ್ಸ್ ಸೀಟು ಸಿಕ್ಕಿದೆ. ಜೂನ್ ತಿಂಗಳಲ್ಲೇ ಪತ್ರ ಬಂತು. ಸಿಹಿ ಹಂಚಬೇಕಾದ ಹೊತ್ತಲ್ಲಿ ಅಕ್ಕ ದಾವಣಗೆರೆಯಿಂದ ಫೋನ್ ಮಾಡಿ ಅಳುತ್ತಿದ್ದಳು. ವೀಸಾಗೆ ಹೋಗುವಾಗ ಒರಿಜಿನಲ್ ಅಂಕಪಟ್ಟಿ ತೋರಿಸಬೇಕು. ಅದು ಮನೆಯಲ್ಲಿಲ್ಲ.

ಬಿಇ ಮುಗಿದ ಮೇಲೆ ಸುಮ್ನೆ ಮನೆಯಲ್ಲಿ ಕೂರೋದು ಯಾಕೆ ಅಂತ ಹುಡುಗಿ ಸ್ನಾತಕೋತ್ತರ ಪ್ರವೇಶ ಪರೀಕ್ಷೆ ಪಿಜಿಸಿಇಟಿ ಬರೆದು ಒಂದು ಖಾಸಗಿ ಕಾಲೇಜಿನಲ್ಲಿ ಎಂಟೆಕ್‌ಗೆ ಸೇರಿದ್ದಳು. ಸೇರುವ ದಿನವೇ ಎಸ್ಸೆಸ್ಸೆಲ್ಸಿಯಿಂದ ಹಿಡಿದು ಎಂಟನೇ ಸೆಮಿಸ್ಟರ್‌ವರೆಗಿನ ಎಲ್ಲ ಒರಿಜಿನಲ್ಲನ್ನೂ ಕಾಲೇಜಿನವರು ತೆಗೆದಿಟ್ಟುಕೊಂಡರು. ಈಗ ವಾಪಸ್ ಕೇಳಿದರೆ, 'ಎರಡನೇ ವರ್ಷದ ಫೀಸೂ ಕಟ್ಟಿ, ಆಮೇಲೆ ತಗೊಂಡು ಹೋಗಿ' ಎಂಬ ಉತ್ತರ. ಓದದೇ ಇರುವ ವರ್ಷಕ್ಕೆ ಫೀಸು.

ಭಾವ ಹೋಗಿ ಕೂತರು. ಪ್ರಿನ್ಸಿಪಾಲರು ಮೀಟಿಂಗಲ್ಲಿದ್ದಾರೆ ಅಂದರು. ಮತ್ತೆ ಹೋದರು. ಮ್ಯಾನೇಜ್‌ಮೆಂಟನ್ನು ಕೇಳಬೇಕು ಅಂದರು. ಕೊನೆಗೆ ಒಂದು ದಾರಿ ತೋರಿಸಿದರು. ಛಾಪಾ ಕಾಗದದ ಮೇಲೆ ಮುಚ್ಚಳಿಕೆ ಬರೆದುಕೊಟ್ಟರೆ ಒಂದು ವಾರದ ಮಟ್ಟಿಗೆ ಕೊಡುತ್ತೇವೆ, ವೀಸಾ ಕೆಲಸ ಮುಗಿಸಿ ತಂದು ಒಪ್ಪಿಸಬೇಕು. ತಾನು ಓದಿ, ತಾನು ಬರೆದು, ತಾನು ತೆಗೆದ ಅಂಕದ ಕಾಗದವನ್ನು ಆ ಹುಡುಗಿ ಸಾಲ ತಂದಳು. ಒಡವೆ ಅಡವಿಟ್ಟವರಾದರೂ ಮೊದಲು ದುಡ್ಡು ಎಣಿಸಿಕೊಂಡಿರುತ್ತಾರೆ. ಇಲ್ಲಿ ದುಡ್ಡು ಕಟ್ಟಿದವರೇ ಅಡವಿಟ್ಟು ಬಂದಿದ್ದಾರೆ.

ನಾನು ಸ್ಟುಟ್‌ಗಾರ್ಟ್‌ನಲ್ಲಿ ಇದ್ದೇನೆ. ಇಲ್ಲೇ ಮಾಸ್ಟರ್ಸ್ ಮಾಡಿದ್ದು, ಈಗ ಕೆಲಸವೂ ಇಲ್ಲೇ. ಅಕ್ಕನ ಮಾತು ಕೇಳಿದಾಗ ನಾನು ಇಲ್ಲಿ ಸೇರಿದ ದಿನ ನೆನಪಾಯಿತು. ಊರಿಂದ ಬರುವಾಗ ಪ್ಲಾಸ್ಟಿಕ್ ಫೋಲ್ಡರಿನಲ್ಲಿ ಎಲ್ಲ ಒರಿಜಿನಲ್ ತಂದಿದ್ದೆ. ಕಚೇರಿಯ ಹೆಂಗಸಿನ ಮುಂದೆ ಫೋಲ್ಡರ್ ಪೂರ್ತಿ ಇಟ್ಟೆ. ಅವರು ಪದವಿ ಪ್ರಮಾಣಪತ್ರ ತೆಗೆದು, ನಕಲಿನ ಜೊತೆ ಹೋಲಿಸಿ ನೋಡಿ, ನಕಲನ್ನು ತಮ್ಮ ಕಡೆ ಇಟ್ಟುಕೊಂಡು ಒರಿಜಿನಲ್ಲನ್ನು ಎರಡೂ ಕೈಯಲ್ಲಿ ನನಗೇ ವಾಪಸ್ ಕೊಟ್ಟರು. 'ಇದನ್ನು ಯಾರ ಹತ್ತಿರವೂ ಬಿಡಬೇಡ, ಅಂಚೆಯಲ್ಲೂ ಕಳಿಸಬೇಡ' ಅಂದರು. ಅಲ್ಲಿಯವರೆಗೆ ಯಾವ ಕಚೇರಿಯಲ್ಲೂ ನನಗೆ ಯಾರೂ ಹಾಗೆ ಹೇಳಿರಲಿಲ್ಲ.

ಇಲ್ಲಿ ಅರ್ಜಿ ಹಾಕುವಾಗಲೇ ಸೂಚನೆಯಲ್ಲಿ ಬರೆದಿರುತ್ತಾರೆ, ಒರಿಜಿನಲ್ ಕಳಿಸಬೇಡಿ ಅಂತ. ಬಹಳಷ್ಟು ವಿಶ್ವವಿದ್ಯಾಲಯಗಳ ಪರವಾಗಿ ವಿದೇಶಿ ಅರ್ಜಿಗಳನ್ನು ಪರಿಶೀಲಿಸುವ ಯೂನಿ-ಅಸಿಸ್ಟ್ ಎಂಬ ಸಂಸ್ಥೆ ಇದೆ. ಅವರಿಗೂ ಬೇಕಿರುವುದು ಸ್ಕ್ಯಾನ್ ಅಥವಾ ದೃಢೀಕರಿಸಿದ ನಕಲು. ನಕಲು ದೃಢೀಕರಿಸುವ ರೀತಿಯನ್ನು ಒಮ್ಮೆ ನೋಡಬೇಕು. ಹಲವು ಹಾಳೆಗಳಿದ್ದರೆ ಅವನ್ನೆಲ್ಲ ಜೋಡಿಸಿ, ಒಂದು ಮೂಲೆಯನ್ನು ಬೀಸಣಿಗೆಯಂತೆ ಸ್ವಲ್ಪ ಸ್ವಲ್ಪ ಸರಿಸಿ ಮಡಚುತ್ತಾರೆ. ಆ ಮಡಿಕೆಯ ಮೇಲೆ ಮೊಹರು ಒತ್ತಿದರೆ ಪ್ರತಿ ಹಾಳೆಯ ಮೇಲೂ ಅದರ ಒಂದೊಂದು ಚೂರು ಬೀಳುತ್ತದೆ. ನಡುವಿನ ಹಾಳೆ ಬದಲಾಯಿಸಿದರೆ ಮೊಹರು ಕೂಡುವುದಿಲ್ಲ. ನಕಲಿ ಹಾವಳಿಯ ಭಯ ಇವರಿಗೂ ಇದೆ. ಆದರೆ ಆ ಭಯಕ್ಕೆ ಹುಡುಗರ ಒರಿಜಿನಲ್ ಕಿತ್ತಿಟ್ಟುಕೊಳ್ಳುವುದಿಲ್ಲ.

ಬಿಟ್ಟು ಹೋಗಬೇಕಾದರೂ ಅಷ್ಟೇ. ನನ್ನ ಜೊತೆ ಸೇರಿದ ಒಬ್ಬ ಹುಡುಗನಿಗೆ ಮೊದಲ ಸೆಮಿಸ್ಟರ್‌ನಲ್ಲೇ ಬೇರೆ ಊರಲ್ಲಿ ಬೇಕಾದ ವಿಷಯ ಸಿಕ್ಕಿತು. ಒಂದು ಫಾರಂ ತುಂಬಿ ಕೊಟ್ಟ, ಹೆಸರು ತೆಗೆದ ಬಗ್ಗೆ ಕಾಗದ ಬಂತು, ಹೋದ. ಯಾಕೆ ಅಂತ ಯಾರೂ ಕೂರಿಸಿ ಕೇಳಲಿಲ್ಲ.

ನಮ್ಮಲ್ಲಿ ಇದಕ್ಕೆ ನಿಯಮ ಇಲ್ಲವೇ ಅಂದರೆ, ಇದೆ. ಒರಿಜಿನಲ್ ಇಟ್ಟುಕೊಳ್ಳಬಾರದು, ಎದುರಲ್ಲೇ ನೋಡಿ ತಕ್ಷಣ ವಾಪಸ್ ಕೊಡಬೇಕು ಎಂದು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2018ರ ಅಕ್ಟೋಬರ್‌ನಲ್ಲೇ ಅಧಿಸೂಚನೆ ಹೊರಡಿಸಿದೆ. ತಾಂತ್ರಿಕ ಕಾಲೇಜುಗಳಿಗೆ ತಾಂತ್ರಿಕ ಶಿಕ್ಷಣ ಮಂಡಳಿ ಎಐಸಿಟಿಇಯ ನಿಯಮವೂ ಇದೆ. ಭಾವ ಆ ಅಧಿಸೂಚನೆಯ ಪ್ರಿಂಟ್ ತಗೊಂಡೇ ಹೋಗಿದ್ದರು. ಕಚೇರಿಯವರು ಓದಿ, 'ಇದೆಲ್ಲ ಇರುತ್ತೆ ಸಾರ್' ಎಂದು ವಾಪಸ್ ಕೊಟ್ಟರಂತೆ. ಆ ಒಂದು ಮಾತಿಗೆ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಸೀಟು ಹಂಚುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ದಾಖಲೆ ಪರಿಶೀಲಿಸಿದ ಮೇಲೇ ಸೀಟು ಹಂಚುತ್ತದೆ. ಡಿಜಿಲಾಕರ್‌ನಲ್ಲೂ ಅಂಕಪಟ್ಟಿ ನೋಡಬಹುದು. ಹಾಗಿದ್ದ ಮೇಲೆ ಕಾಲೇಜಿನ ಬೀರುವಿನಲ್ಲಿರುವ ಆ ಕಾಗದ ಪರಿಶೀಲನೆಗೆ ಅಲ್ಲ, ಹುಡುಗರು ಓಡಿಹೋಗದಿರಲಿ ಅಂತ.

ಕಾರಣ ಏನೆಂದು ಗೊತ್ತಿರುವುದೇ. ಎಂಟೆಕ್ ತರಗತಿಗಳಲ್ಲಿ ಹುಡುಗರು ಕಡಿಮೆ. ಕೌನ್ಸೆಲಿಂಗ್ ಮುಗಿದ ಮೇಲೆ ಒಬ್ಬರು ಎದ್ದು ಹೋದರೆ ಆ ಜಾಗ ಖಾಲಿಯೇ ಉಳಿಯುತ್ತದೆ, ಆ ಫೀಸು ಮತ್ತೆ ಬರುವುದಿಲ್ಲ. ಜರ್ಮನಿಯಲ್ಲಿ ಬಹುಪಾಲು ಸರ್ಕಾರಿ ವಿಶ್ವವಿದ್ಯಾಲಯಗಳು ಬೋಧನಾ ಶುಲ್ಕವನ್ನೇ ತೆಗೆದುಕೊಳ್ಳುವುದಿಲ್ಲ. ನಾನಿರುವ ಬಾಡನ್-ವ್ಯುರ್ಟೆಂಬರ್ಗ್ ರಾಜ್ಯದಲ್ಲಂತೂ ಐರೋಪ್ಯ ಒಕ್ಕೂಟದ ಹೊರಗಿನವರಿಗೆ 2017ರಿಂದ ಸೆಮಿಸ್ಟರಿಗೆ 1500 ಯೂರೊ ಇದೆ. ಒಬ್ಬ ವಿದ್ಯಾರ್ಥಿ ಹೋದ ಅಂತ ಮೇಷ್ಟ್ರ ಸಂಬಳ ನಿಲ್ಲುವುದಿಲ್ಲ. ಹಾಗಾಗಿ ಹಿಡಿದಿಟ್ಟುಕೊಳ್ಳುವ ಅಗತ್ಯವೂ ಬರುವುದಿಲ್ಲ. ಇದು ನನಗೆ ಅರ್ಥವಾಗುತ್ತದೆ. ಆದರೆ ಕಾಲೇಜಿನ ಲೆಕ್ಕ ಸರಿಹೋಗಬೇಕು ಅಂತ ಇಪ್ಪತ್ತೆರಡು ವರ್ಷದ ಹುಡುಗಿಯ ಭವಿಷ್ಯವನ್ನು ಬೀಗ ಹಾಕಿ ಇಡುವುದನ್ನು ನಾನು ಒಪ್ಪಲಾರೆ.

ಜರ್ಮನಿಯ ದಾರಿಯೂ ಸಲೀಸಲ್ಲ, ಅದನ್ನೂ ಹೇಳಬೇಕು. 2022ರ ನವೆಂಬರ್‌ನಿಂದ ಭಾರತದ ವಿದ್ಯಾರ್ಥಿಗಳು ಎಪಿಎಸ್ ಪ್ರಮಾಣಪತ್ರ ಇಲ್ಲದೆ ವಿದ್ಯಾರ್ಥಿ ವೀಸಾಗೆ ಅರ್ಜಿ ಹಾಕುವ ಹಾಗಿಲ್ಲ. ನಮ್ಮ ಅಂಕಪಟ್ಟಿಗಳು ಅಸಲಿಯೋ ಅಂತ ನೋಡುವುದಕ್ಕೇ ಈ ವ್ಯವಸ್ಥೆ, ಅದಕ್ಕೆ 18,000 ರೂಪಾಯಿ. ಮೇಲೆ ಒಂದು ವರ್ಷದ ಖರ್ಚಿಗೆಂದು ತಿಂಗಳಿಗಿಷ್ಟೇ ಎಂದು ಹಣ ಬಿಡುವ ಬ್ಲಾಕ್ಡ್ ಅಕೌಂಟ್‌ನಲ್ಲಿ 11,904 ಯೂರೊ ಮೊದಲೇ ತೋರಿಸಬೇಕು. 2024ರ ಸೆಪ್ಟೆಂಬರ್‌ನಿಂದ ಇದು ಲೆಕ್ಕ. ಅಕ್ಕ ಭಾವ ಸಾಲ ಮಾಡಿದ್ದೇ ಇದಕ್ಕೆ. ನಮ್ಮ ಅಂಕವನ್ನು ಇವರ ಶ್ರೇಣಿಗೆ ಇಳಿಸುವ ಸೂತ್ರವೂ ಇದೆ. ಪಾಸಿಗೆ 40 ಅಂತಿಟ್ಟುಕೊಂಡರೆ, 70 ತೆಗೆದವರಿಗೆ 2.5, 65 ತೆಗೆದವರಿಗೆ 2.75 ಬರುತ್ತದೆ. ಇಲ್ಲಿ 1 ಅಂದರೆ ಅತ್ಯುತ್ತಮ, ಅಂಕಿ ಏರಿದಷ್ಟೂ ಶ್ರೇಣಿ ಕೆಳಗೆ. 2.5ಕ್ಕೇ ಗೆರೆ ಎಳೆದಿರುವ ಕೋರ್ಸಿಗೆ 65ರ ಹುಡುಗ ಸೇರುವ ಮಾತೇ ಇಲ್ಲ. ನಮ್ಮಲ್ಲಿ ಮೌಲ್ಯಮಾಪನ ಎಷ್ಟು ಬಿಗಿ, ಆ ವರ್ಷ ಪೇಪರ್ ಎಷ್ಟು ಕಷ್ಟವಿತ್ತು, ಇದ್ಯಾವುದೂ ಆ ಸೂತ್ರಕ್ಕೆ ಗೊತ್ತಿಲ್ಲ. ಮೊದಲ ತಲೆಮಾರಿನಲ್ಲಿ ಓದುತ್ತಿರುವ ಹುಡುಗಿ ಅಂತ ರಿಯಾಯಿತಿಯೂ ಇಲ್ಲ. ಮೀಸಲಾತಿ, ಶುಲ್ಕ ವಿನಾಯಿತಿ, ಗ್ರಾಮೀಣ ಕೋಟಾ ಅಂತ ನಮ್ಮ ರಾಜ್ಯ ಹುಡುಗರ ಕೈ ಹಿಡಿಯುವ ರೀತಿ ಇಲ್ಲಿನ ಪ್ರವೇಶದಲ್ಲಿ ನಾನು ಕಂಡಿಲ್ಲ. ಕೊನೆಯ ದಿನಾಂಕ ದಾಟಿತೋ, ಎಷ್ಟು ಬೇಡಿಕೊಂಡರೂ ಪ್ರಯೋಜನವಿಲ್ಲ.

ಇನ್ನೊಂದು ವಿಷಯವನ್ನೂ ಬರೆಯದೆ ಇರಲಾರೆ. ಅಕ್ಕನ ಮಗಳ ಅರ್ಜಿಗೆ ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ್ದಾಳೆ ಎಂಬ ಪತ್ರವೂ, ಓದಿದ ವಿಷಯಗಳ ವಿವರಕ್ಕೆ ಸಿಲಬಸ್ಸಿನ ಪ್ರತಿ ಪುಟಕ್ಕೂ ಸೀಲು ಬೇಕಾಗಿತ್ತು. ಅವಳು ಬಿಇ ಓದಿದ ಕಾಲೇಜಿನ ಗುಮಾಸ್ತೆಯೊಬ್ಬರು ಸಂಜೆ ಆಫೀಸು ಮುಚ್ಚಿದ ಮೇಲೂ ಕೂತು ಒಂದೊಂದೇ ಪುಟ ತಿರುವಿ ಸೀಲು ಒತ್ತಿಕೊಟ್ಟರು. 'ಬಸ್ಸು ತಪ್ಪುತ್ತೆ, ನೀನು ಹೊರಡಮ್ಮ, ನಾಳೆ ನಾನೇ ಕೊರಿಯರ್ ಮಾಡ್ತೀನಿ' ಅಂದಿದ್ದರಂತೆ. ಮಾಡಿದರು ಕೂಡ. ಕೊರಿಯರ್ ದುಡ್ಡನ್ನೂ ತಗೊಳ್ಳಲಿಲ್ಲ. ಜರ್ಮನಿಯ ಯಾವ ಕೌಂಟರಿನಲ್ಲೂ ನನಗೆ ಇಂಥ ಜನ ಸಿಕ್ಕಿಲ್ಲ. ಇಲ್ಲಿ ಸಮಯ ಮುಗಿದರೆ ಮುಗಿಯಿತು.

ಸಾಲ ತಂದ ಅಂಕಪಟ್ಟಿಯಿಂದ ವೀಸಾ ಕೆಲಸ ಆಯಿತು. ಆದರೆ ಅಕ್ಟೋಬರ್‌ನಲ್ಲಿ ತರಗತಿ ಶುರು, ಇಲ್ಲಿ ಹೆಸರು ನೋಂದಾಯಿಸುವಾಗ ಒರಿಜಿನಲ್ ಮತ್ತೆ ಬೇಕು. ಕಾಲೇಜಿನವರು ಎರಡನೇ ವರ್ಷದ ಅರ್ಧ ಫೀಸಿಗೆ ಇಳಿದಿದ್ದಾರೆ, ಭಾವ ಕಟ್ಟಿಬಿಡುವ ಯೋಚನೆಯಲ್ಲಿದ್ದಾರೆ. ಕಟ್ಟಬೇಡಿ, ಯುಜಿಸಿಗೂ ಎಐಸಿಟಿಇಗೂ ಲಿಖಿತ ದೂರು ಕೊಡಿ, ಕಾಲೇಜಿನ ಉತ್ತರವನ್ನೂ ಬರಹದಲ್ಲೇ ಕೇಳಿ ಅಂತ ನಾನು ಹೇಳಿದ್ದೇನೆ. ಅವಳ ತರಗತಿಯ ಇನ್ನೊಬ್ಬ ಹುಡುಗನಿಗೆ ಪುಣೆಯಲ್ಲಿ ಕೆಲಸ ಸಿಕ್ಕಿದೆ, ಅವನ ಕಾಗದಗಳೂ ಅದೇ ಬೀರುವಿನಲ್ಲಿವೆ. ದೂರಿಗೆ ಅವನೂ ಸಹಿ ಹಾಕುತ್ತೇನೆ ಅಂದಿದ್ದಾನಂತೆ. ಈ ವರ್ಷ ಎಂಟೆಕ್‌ಗೆ ಸೇರುವವರು ಒರಿಜಿನಲ್ ಕೇಳಿದವರ ಹತ್ತಿರ ಯಾವ ನಿಯಮದ ಪ್ರಕಾರ ಕೇಳುತ್ತಿದ್ದೀರಿ ಎಂದು ಮೊದಲು ಬರೆದುಕೊಡಲು ಹೇಳಿ. ಕೊಡಲೇಬೇಕಾಗಿ ಬಂದರೆ ಪ್ರತಿ ಕಾಗದದ ಹೆಸರೂ ಇರುವ ರಸೀದಿ ಪಡೆಯಿರಿ.