ಪಾತ್ರೆಯ ತಳದ ಹೆಸರು

ನಮ್ಮ ಕಡೆ ಕ್ಯಾಸರೋಲ್ ಅಂದರೆ ಚಪಾತಿ ಬಿಸಿಯಾಗಿರಲಿ ಅಂತ ಹಾಕಿಡುವ ಡಬ್ಬಿ. ಮದುವೆಯಲ್ಲಿ ಎರಡಾದರೂ ಉಡುಗೊರೆ ಬಂದೇ ಬರುತ್ತದೆ. ಹಾಗಾಗಿ ಅಮೆರಿಕದ ಮಿನ್ನೆಸೋಟಾದಲ್ಲಿ ನಮ್ಮ ಮಗಳು ಹುಟ್ಟಿದ ವಾರ ಪಕ್ಕದ ಮನೆಯ ಅಜ್ಜಿ, "ಸಂಜೆ ಒಂದು ಕ್ಯಾಸರೋಲ್ ತಂದುಕೊಡ್ತೀನಿ" ಅಂದಾಗ, ಅಯ್ಯೋ ಅದು ಆಗಲೇ ಎರಡಿದೆಯಲ್ಲ ಅಂದುಕೊಂಡೆ.

ಸಂಜೆ ಬಂದದ್ದು ಗಾಜಿನ ಅಗಲ ಪಾತ್ರೆ, ಅದರ ತುಂಬ ಬಿಸಿಬಿಸಿಯಾಗಿ ಏನೋ ಒಂದು. ಅಲ್ಲಿ ಪಾತ್ರೆಯ ಹೆಸರೇ ಅಡುಗೆಗೂ ಅಂಟಿಕೊಂಡಿದೆ. ಅದೂ ಮಿನ್ನೆಸೋಟಾದವರ ಮಾತಲ್ಲವಂತೆ. ಅವರು ಅದನ್ನು ಹಾಟ್‌ಡಿಶ್ ಅಂತಾರೆ. ಹೊಸಬನಿಗೆ ತಿಳಿಯಲಿ ಅಂತ ಅಜ್ಜಿ ಹೊರಗಿನವರ ಪದ ಬಳಸಿದ್ದರು, ಅಷ್ಟೆ.

ನಾವು ಮಾಂಸ ತಿನ್ನುವುದಿಲ್ಲ ಅಂತ ಗೊತ್ತಿತ್ತು. ಅದಕ್ಕೇ ಹುರುಳಿಕಾಯಿಯದನ್ನು ಮಾಡಿದ್ದರು. ಬಾಣಂತನಕ್ಕೆ ಬಂದಿದ್ದ ನಮ್ಮ ಅತ್ತೆ ಮುಚ್ಚಿದ ಹಾಳೆ ತೆಗೆದು ನೋಡಿದರು. "ಹುರುಳಿಕಾಯಿ, ಅಣಬೆ, ಹಾಲು! ಬಾಣಂತಿಗಾ?" ಅಂತ ಹಾಗೇ ಮುಚ್ಚಿಬಿಟ್ಟರು. ತಿನ್ನುವ ಹೊಣೆ ನನ್ನ ಮೇಲೆ ಬಿತ್ತು.

ರುಚಿ ಹೇಗಿತ್ತು? ಉಪ್ಪಿತ್ತು, ಖಾರ ಇರಲಿಲ್ಲ, ಹುಳಿ ಇರಲಿಲ್ಲ, ಹಲ್ಲಿಗೆ ಕೆಲಸವೂ ಇರಲಿಲ್ಲ. ಮೇಲೆ ಉದುರಿಸಿದ್ದ ಕರಿದ ಈರುಳ್ಳಿ ಮಾತ್ರ ನಮ್ಮ ಈರುಳ್ಳಿ ಪಕೋಡದ ತಮ್ಮನಂತಿತ್ತು. ಮೊದಲ ದಿನ ಸುಮ್ನೆ ಮರ್ಯಾದೆಗೆ ತಿಂದೆ. ಮೂರನೇ ದಿನ, ಮಗು ರಾತ್ರಿಯಿಡೀ ಅತ್ತ ಮೇಲೆ, ಬೆಳಗಿನ ನಾಲ್ಕು ಗಂಟೆಗೆ ಫ್ರಿಜ್ ಬಾಗಿಲು ತೆರೆದು ನಿಂತೇ ತಣ್ಣಗಿದ್ದದ್ದನ್ನು ತಿಂದೆ. ಆಗ ಹಿಡಿಸಿತು. ನಿದ್ದೆಗೆಟ್ಟವನಿಗೆ ಖಾರ ಯಾಕೆ? ಮೊಸರನ್ನದಲ್ಲಿ ತಾನೆ ಯಾವ ದೊಡ್ಡ ಖಾರವಿದೆ?

ಈ ಹುರುಳಿಕಾಯಿ ಕ್ಯಾಸರೋಲ್ ಕಂಡುಹಿಡಿದವರು ನ್ಯೂಜೆರ್ಸಿಯ ಕ್ಯಾಮ್ಡನ್‌ನಲ್ಲಿ ಕ್ಯಾಂಪ್‌ಬೆಲ್ ಸೂಪ್ ಕಂಪನಿಯ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಿದ್ದ ಡಾರ್ಕಸ್ ರೈಲಿ. 1955ರ ಮಾತು. ಎಲ್ಲರ ಮನೆಯಲ್ಲೂ ಇರುವ ಸಾಮಾನಿನಲ್ಲೇ ಆಗುವ ಅಡುಗೆ ಬೇಕಿತ್ತು. ಹುರುಳಿಕಾಯಿ, ಡಬ್ಬಿಯ ಅಣಬೆ ಸೂಪು, ಹಾಲು, ಸೋಯಾ ಸಾಸ್, ಕರಿಮೆಣಸಿನ ಪುಡಿ, ಕರಿದ ಈರುಳ್ಳಿ. ಆರೇ ಸಾಮಾನು. ಈಗ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಇದಿಲ್ಲದಿದ್ದರೆ ಎಷ್ಟೋ ಮನೆಗಳಲ್ಲಿ ಮುನಿಸು. ಒಂದು ಕಂಪನಿ ತನ್ನ ಡಬ್ಬಿ ಮಾರಲು ಮಾಡಿಸಿದ ಅಡುಗೆ ಅಜ್ಜಿಯ ಕೈರುಚಿಯಾಗಿ ಹೋಯಿತಲ್ಲ ಅಂತ ನಗು ಬರುತ್ತದೆ. ಆದರೆ ಎಪ್ಪತ್ತು ವರ್ಷ ಅಜ್ಜಿಯರೇ ಮಾಡುತ್ತಾ ಬಂದ ಮೇಲೆ ಅದು ಇನ್ನೂ ಕಂಪನಿಯದು ಅನ್ನುವುದೂ ತಪ್ಪೇ.

ಮಿನ್ನೆಸೋಟಾದ ಹಾಟ್‌ಡಿಶ್ ಇದಕ್ಕಿಂತ ಹಳೆಯದು. 1930ರಲ್ಲಿ ಮಂಕೇಟೊ ಊರಿನ ಲೂಥರನ್ ಚರ್ಚಿನ ಹೆಂಗಸರು ತಂದ ಅಡುಗೆ ಪುಸ್ತಕದಲ್ಲೇ ಅದರ ಮಾತಿದೆ. ಮಾಂಸದ ಕೈಮ, ತರಕಾರಿ, ಅಂಟಿಗೆ ಸೂಪು. ಅಣಬೆ ಸೂಪಿಗೆ ಅಲ್ಲಿಯವರು ತಮಾಷೆಗೆ 'ಲೂಥರನ್ ಗೋಂದು' ಅಂತಾರೆ. ಮೇಲೆ ಸಾಲಾಗಿ ಟೇಟರ್ ಟಾಟ್ ಅನ್ನುವ ಆಲೂಗಡ್ಡೆ ಉಂಡೆ ಜೋಡಿಸುವ ರೂಢಿ ಆಮೇಲಿನದು. ಒರೆಗನ್‌ನಲ್ಲಿ ಫ್ರೆಂಚ್ ಫ್ರೈಸ್ ಮಾಡಿ ಉಳಿದ ಆಲೂಗಡ್ಡೆ ಚೂರು ದನದ ಪಾಲಾಗುತ್ತಿತ್ತು. 1953ರಲ್ಲಿ ಅದನ್ನೇ ಉಂಡೆಕಟ್ಟಿ ಕರಿದರು. ದನಗಳಿಗೆ ನಷ್ಟವಾಯಿತು.

ಇದೆಲ್ಲ ಬೇಯುವುದು 13 ಇಂಚು ಉದ್ದ, 9 ಇಂಚು ಅಗಲದ ಪಾತ್ರೆಯಲ್ಲಿ. ಆ ಅಳತೆಯೇ ನನಗೆ ಇದರ ಗುಟ್ಟು ಬಿಟ್ಟುಕೊಟ್ಟಿತು. ಗಂಡ ಹೆಂಡತಿ ಇಬ್ಬರಿಗೆ ಯಾರು ಅಷ್ಟು ಮಾಡಿಕೊಳ್ಳುತ್ತಾರೆ? ಇದು ಹೊಸ್ತಿಲು ದಾಟಲೆಂದೇ ಮಾಡುವ ಅಡುಗೆ. ಹೆರಿಗೆಯಾದ ಮನೆಗೆ, ಆಸ್ಪತ್ರೆಯಿಂದ ಬಂದವರ ಮನೆಗೆ, ಸಾವಿನ ಮನೆಗೆ. ಕಾರಿನ ಹಿಂದಿನ ಸೀಟಿನಲ್ಲಿ ಕುಲುಕಿದರೂ ಚೆಲ್ಲಬಾರದು. ನಾಳೆ ಬಿಸಿಮಾಡಿದರೂ ಕೆಡಬಾರದು. ಮಕ್ಕಳೂ ಮುದುಕರೂ ಬೇಡ ಅನ್ನಬಾರದು. ಇಷ್ಟೆಲ್ಲ ಕೇಳಿದ ಮೇಲೆ ರುಚಿಯನ್ನೂ ಕೇಳಿದರೆ ಜಾಸ್ತಿಯಾಯಿತು, ಅಲ್ವಾ?

ಪಾತ್ರೆ ತೊಳೆಯುವಾಗ ತಳದಲ್ಲಿ ಒಂದು ಕಾಗದದ ಟೇಪು ಕಂಡಿತು. ಮೇಲೆ ಪೆನ್ನಿನಲ್ಲಿ ಅಜ್ಜಿಯ ಮನೆತನದ ಹೆಸರು. ಚರ್ಚಿನ ಊಟಕ್ಕೆ ಇಪ್ಪತ್ತು ಮನೆಯಿಂದ ಇಪ್ಪತ್ತು ಗಾಜಿನ ಪಾತ್ರೆ ಬರುತ್ತವೆ, ಎಲ್ಲ ಒಂದೇ ಥರ. ಅದಲುಬದಲಾಗದಿರಲಿ ಅಂತ ಈ ಟೇಪು. ಅತ್ತೆಗೆ ಆ ಕ್ಷಣದಿಂದ ಅಜ್ಜಿಯ ಮೇಲೆ ಗೌರವ ಬಂತು. "ನಮ್ಮ ಹಾಗೇ ಹೆಸರು ಹಾಕಿಸಿದಾರೆ ನೋಡಿ!" ಪಾತ್ರೆ ಅಂಗಡಿಯಲ್ಲಿ ಕೊರ್ ಅಂತ ಸ್ಟೀಲಿನ ಮೇಲೆ ಹೆಸರು ಕೊರೆಸುವುದು ಅವರಿಗೆ ನೆನಪಾಗಿತ್ತು. ಖಾಲಿ ಪಾತ್ರೆ ಕೊಡಬಾರದು ಅಂತ ಅದರಲ್ಲಿ ಕೊಬ್ಬರಿ ಮಿಠಾಯಿ ಹಾಕಿ ಕಳಿಸಿದರು. ಅಜ್ಜಿ ಗಾಬರಿಯಾದರು. ಕೊಟ್ಟದ್ದಕ್ಕೆ ತಿರುಗಿ ಬಂದರೆ ಲೆಕ್ಕ ಸರಿಹೋಗುವುದಿಲ್ಲವಲ್ಲ. ವಾರದೊಳಗೆ ಅದೇ ಪಾತ್ರೆ ಸೇಬಿನ ಸಿಹಿ ಹೊತ್ತು ವಾಪಸ್ ಬಂತು. ಅತ್ತೆಯ ವೀಸಾ ಮುಗಿಯುವ ತನಕ ಇದು ನಿಲ್ಲಲಿಲ್ಲ. ಈಗಿನವರು ತಿರುಗಿ ಕೊಡಬೇಕಿಲ್ಲದ ಅಲ್ಯೂಮಿನಿಯಂ ತಟ್ಟೆಯಲ್ಲಿ ತರುತ್ತಾರೆ. ಅನುಕೂಲವೇನೋ ಸರಿ. ನನಗೆ ಅದು ಕಂಡರಾಗದು.

ಎರಡು ವರ್ಷದ ನಂತರ ಅಜ್ಜಿಯ ಗಂಡ ತೀರಿಕೊಂಡರು. ಚರ್ಚಿನ ನೆಲಮಾಳಿಗೆಯಲ್ಲಿ ಊಟ. ನಮ್ಮ ಕಡೆಯೂ ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಊಟ ಹೊರಗಿನಿಂದಲೇ ಬರಬೇಕು. ಅದನ್ನು ಹೇಳಿಕೊಡಬೇಕಿರಲಿಲ್ಲ. ಖಾರ ಕಡಿಮೆ ಮಾಡಿ ಸ್ಟೀಲ್ ಡಬರಿ ತುಂಬ ಮೊಸರನ್ನ ಒಯ್ದೆವು. ಅರ್ಧ ಖರ್ಚಾಯಿತು. ಅಷ್ಟಾದದ್ದೇ ದೊಡ್ಡದು.

ಊಟ ಮುಗಿದ ಮೇಲೆ ಅಡುಗೆಮನೆಯಲ್ಲಿ ಹೆಂಗಸರು ಒಂದೊಂದೇ ಪಾತ್ರೆ ತೊಳೆದು, ಬೋರಲು ಹಾಕಿ, ಟೇಪು ಓದಿ ಬೇರೆ ಬೇರೆ ಇಡುತ್ತಿದ್ದರು. ನಮ್ಮ ಡಬರಿ ಹುಡುಕಲು ಹೋದೆ. ಅದು ಆಗಲೇ ಒರೆಸಿ ಬಾಗಿಲ ಹತ್ತಿರ ಕೂತಿತ್ತು. "ಇದು ನಿಮ್ಮದೇ ತಾನೆ?" ಅಂತ ಒಬ್ಬಾಕೆ ಎತ್ತಿಕೊಟ್ಟರು. ಹೇಗೆ ಗೊತ್ತಾಯಿತು ಅಂದೆ. ಕಂಠದ ಮೇಲೆ ಚುಕ್ಕಿ ಚುಕ್ಕಿಯಾಗಿ ಕೊರೆದ ಕನ್ನಡ ಅಕ್ಷರ ತೋರಿಸಿದರು. "ನಮಗ್ಯಾರಿಗೂ ಓದೋಕೆ ಬರಲಿಲ್ಲ. ಅದಕ್ಕೇ ನಿಮ್ಮದು ಅಂದುಕೊಂಡ್ವಿ."

ಅದರ ಮೇಲಿದ್ದದ್ದು ನನ್ನ ಹೆಂಡತಿಯ ಅಜ್ಜಿಯ ಹೆಸರು. ಹೌದು, ನಮ್ಮದೇ ಅಂದೆ.